ದೆವ್ವ ಸುಟ್ಟ ಅಂಗಿ

"ಹಳೇ ಕಾಟನ್ ಅಂಗಿ ಹಾಕ್ಕೊಂಡು ಬಾ, ತಲೆಗೆ ಟೋಪಿ ಇರಲಿ" ಅಂತ ಆಫೀಸಿನ ಗೆಳತಿ ಮೊದಲೇ ಹೇಳಿದ್ದಳು. ಟೋಪಿ ಹಾಕಿದೆ. ಅಂಗಿ ಮಾತ್ರ ಹೊಸದು, ಪಾಲಿಯೆಸ್ಟರಿಂದು. ಫೋಟೊದಲ್ಲಿ ಚೆನ್ನಾಗಿ ಕಾಣಲಿ ಅಂತ. ಆಗಸ್ಟ್ 23ರ ಸಂಜೆ ಆ ಅಂಗಿಗೆ ಮೂರು ತೂತು ಬಿದ್ದವು.

ಊರು ಸಿಟ್ಜಸ್. ಸ್ಪೇನಿನ ಕ್ಯಾಟಲೋನಿಯಾದಲ್ಲಿದೆ. ಬಾರ್ಸಿಲೋನಾದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ ದಾರಿ ಅಂದುಕೊಳ್ಳಿ. ಗರಾಫ್ ಬೆಟ್ಟದ ಸುರಂಗಗಳಿಂದ ರೈಲು ಹೊರಗೆ ಬಂದಾಗೆಲ್ಲ ಎಡಗಡೆ ಕಿಟಕಿ ತುಂಬಾ ಸಮುದ್ರ. ಕೆಲಸದ ಮೇಲೆ ಒಂದು ವರ್ಷ ಬಾರ್ಸಿಲೋನಾದಲ್ಲಿದ್ದೆ. ಆ ವರ್ಷ ಈ ಊರಿಗೆ ಐದು ಸಲ ಹೋದೆ. ಮೊದಲ ಸಲ ಹೋದದ್ದು ಬೀಚಿಗೆ, ಉಳಿದ ನಾಲ್ಕು ಸಲ ಹಬ್ಬಕ್ಕೆ.

ಜೂನ್‌ನಲ್ಲಿ ಕ್ರೈಸ್ತರ ಕಾರ್ಪಸ್ ಹಬ್ಬ. ಹಳೇ ಊರಿನ ಕಿರಿದಾದ ಬೀದಿಗಳಲ್ಲಿ ಆಯಾ ಬೀದಿಯವರೇ ಕೂತು ನೆಲದ ಮೇಲೆ ಹೂವಿನ ಜಮಖಾನ ಹಾಸುತ್ತಾರೆ. ಕಾರ್ನೇಷನ್ ಹೂವೇ ಜಾಸ್ತಿ. ಒಬ್ಬ ತಾತ ಮೊಣಕಾಲೂರಿ, ಪುಟ್ಟ ಸ್ಪ್ರೇ ಬಾಟಲಿಯಿಂದ ಎಸಳುಗಳ ಮೇಲೆ ನೀರು ಚಿಮುಕಿಸುತ್ತಿದ್ದರು, ಸಮುದ್ರದ ಗಾಳಿಗೆ ಹಾರಿಹೋಗಬಾರದು ಅಂತ. ಅಷ್ಟು ಜೋಪಾನ ಮಾಡಿದ್ದರ ಮೇಲೇ ಸಂಜೆ ಮೆರವಣಿಗೆ ನಡೆದುಹೋಯಿತು. ನನಗೆ ಹೊಟ್ಟೆ ಚುರ್ ಅಂತು. ತಾತ ಮಾತ್ರ ಆರಾಮವಾಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಇನ್ನು ಆಗಸ್ಟ್. ಊರಿನ ದೊಡ್ಡ ಹಬ್ಬ, 'ಫೆಸ್ಟಾ ಮಜೋರ್'. ಊರ ಸಂತ ಬರ್ತೊಮೆವುವಿನ ದಿನ 24ನೇ ತಾರೀಕು, ಆದರೆ ಜನಕ್ಕೆ 23ರ ಮೇಲೇ ಪ್ರೀತಿ. ಸಂಜೆ ಚರ್ಚಿನ ಹತ್ತಿರ ಕಾಲಿಡಲು ಜಾಗವಿರಲಿಲ್ಲ. ಮೊದಲು ಕೇಳಿಸಿದ್ದು ಗ್ರಾಲ್ಯಾ. ನಮ್ಮ ಮುಖವೀಣೆಯ ಹಾಗೆ ಪೀಪಿ ಕಚ್ಚಿ ಊದುವ ವಾದ್ಯ, ದನಿ ಚೂಪು. ಹಿಂದೆಯೇ ತಮಟೆಯಂಥ ಸದ್ದು. ಆಮೇಲೆ ದೆವ್ವಗಳು ಬಂದವು.

ದೆವ್ವ ಅಂದರೆ ಗೋಣಿಬಟ್ಟೆಯಂಥ ದಪ್ಪ ಅಂಗಿ ತೊಟ್ಟ ಊರಿನವರೇ. ಕೈಯಲ್ಲಿ ಕೋಲು, ಕೋಲಿನ ತುದಿಗೆ ಪಟಾಕಿ. ಅದು ಗಿರಗಿರ ತಿರುಗಿ ಕೊಡೆಯ ಹಾಗೆ ಕಿಡಿ ಸುರಿಸುತ್ತದೆ, ಕೊನೆಗೆ ಢಂ ಅನ್ನುತ್ತದೆ. ಊರಿನ ಹುಡುಗರು ಕಿಡಿಯಿಂದ ಓಡುವುದಿಲ್ಲ, ಅದರ ಕೆಳಗೇ ನುಗ್ಗಿ ಕುಣಿಯುತ್ತಾರೆ. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಆದರೂ ಭುಜಕ್ಕೆ ಸೂಜಿ ಚುಚ್ಚಿದ ಹಾಗಾಯಿತು. ನೋಡಿದರೆ ಪಾಲಿಯೆಸ್ಟರ್ ಕರಗಿ, ತೂತಿನ ಅಂಚು ಗಟ್ಟಿಯಾಗಿ ಕರೀ ಮಣಿ ಕಟ್ಟಿತ್ತು. ಪಕ್ಕದ ಅಜ್ಜಿ ನಕ್ಕು, ತನ್ನ ತೋಳಿನ ಹಳೇ ಕಲೆ ತೋರಿಸಿದರು.

ಆಮೇಲೆ 1922ರಲ್ಲಿ ಮಾಡಿದ ಡ್ರ್ಯಾಗನ್ ಬಂತು, ಒಳಗೆ ಹೊತ್ತವರು, ಬಾಯಲ್ಲಿ ಬೆಂಕಿ. ಹಿಂದೆ ದೊಡ್ಡ ದೊಡ್ಡ ಗೊಂಬೆಗಳು. ನಮ್ಮ ದಸರೆಯ ಗಾರುಡಿ ಗೊಂಬೆಗಳ ಹಾಗೇ, ಒಳಗೊಬ್ಬ ಮನುಷ್ಯ ಹೊತ್ತು ಕುಣಿಸುತ್ತಾನೆ. ಒಂದು ಜೋಡಿಗೆ 'ಕ್ಯೂಬಾನೆಟ್ಸ್' ಅಂತ ಹೆಸರು. ಒಂದು ಕಾಲಕ್ಕೆ ಈ ಊರಿನ ಹುಡುಗರು ದುಡಿಯಲು ಕ್ಯೂಬಾಕ್ಕೆ ಹೋಗುತ್ತಿದ್ದರು. ದುಡ್ಡು ಮಾಡಿ ವಾಪಸ್ ಬಂದವರು ಇಲ್ಲಿ ಬಂಗಲೆ ಕಟ್ಟಿಸಿದರು, ಅವು ಇನ್ನೂ ಇವೆ. ಬಕಾರ್ಡಿ ರಮ್ ಶುರು ಮಾಡಿದವನೂ ಇಲ್ಲೇ ಹುಟ್ಟಿದವನು!

ರಾತ್ರಿ 11ಕ್ಕೆ ಚರ್ಚಿರುವ ಬಂಡೆಯ ತುದಿಯಿಂದ ಬಾಣಬಿರುಸು. ಮರಳಿನ ಮೇಲೆ ಮಲಗಿ ನೋಡಿದೆ. ನೋಡಲು ಚೆಂದ, ಆದರೆ ಬಾಣಬಿರುಸು ಎಲ್ಲಾ ಕಡೆ ಇರುತ್ತೆ ಅಲ್ವಾ. ನನಗೆ ಹಿಡಿಸಿದ್ದು ಆ ಗ್ರಾಲ್ಯಾ. ವಾರವಿಡೀ ಕಿವಿಯಲ್ಲೇ ಉಳಿದಿತ್ತು.

ಸೆಪ್ಟೆಂಬರ್ 23 ಸಂತ ತೆಕ್ಲಾಳ ದಿನ. ಅದೇ ಗೊಂಬೆ, ಅದೇ ಕುಣಿತ, ಆದರೆ ಟೂರಿಸ್ಟ್‌ಗಳು ಕಡಿಮೆ. ಈ ಸಲ ಗೋಡೆ ಬಿಟ್ಟು ಎರಡು ಹೆಜ್ಜೆ ಮುಂದೆ ನಿಂತೆ, ಕಾಟನ್ ಅಂಗಿಯಲ್ಲಿ. ಅಕ್ಟೋಬರ್‌ನಲ್ಲಿ ಸಿನಿಮಾ ಉತ್ಸವ, 1968ರಿಂದ ನಡೆಯುತ್ತಿದೆ. ಅದಕ್ಕೆ ರಜೆ ಸಿಗಲಿಲ್ಲ.

ಕೊನೆಯ ಸಲ ಹೋದದ್ದು ಕಾರ್ನಿವಲ್‌ಗೆ, ಅಂದರೆ ಚಳಿಗಾಲದ ಕೊನೆಗೆ ಬರುವ ವೇಷದ ಹಬ್ಬಕ್ಕೆ. ಸರ್ವಾಧಿಕಾರಿ ಫ್ರಾಂಕೊನ ಆಡಳಿತ ಸ್ಪೇನಿನಲ್ಲಿ ಇದನ್ನು ನಿಷೇಧಿಸಿತ್ತು. ಈಗ ಭಾನುವಾರ ಒಂದು, ಮಂಗಳವಾರ ಇನ್ನೊಂದು ಮೆರವಣಿಗೆ. ಗರಿ, ಮಿಂಚು, ಕಿವಿ ಕಿತ್ತುಹೋಗುವಂಥ ಡಿಜೆ. ನಿಜ ಹೇಳಬೇಕೆಂದರೆ ನನಗೆ ಸಾಕಾಗಿತ್ತು. ಜನಜಂಗುಳಿಯಲ್ಲಿ ಕೊನೆಯ ರೈಲೂ ತಪ್ಪಿತು, ಬೆಳಗಿನ ತನಕ ಸ್ಟೇಷನ್ನಿನ ಹತ್ತಿರ ಚಳಿಯಲ್ಲಿ ನಡುಗುತ್ತಾ ಕೂತೆ. ಪಕ್ಕದಲ್ಲಿ ಜೇನುಹುಳದ ವೇಷದ ಇಬ್ಬರು ನಿದ್ದೆ ಹೊಡೆಯುತ್ತಿದ್ದರು.

ಆ ದಿನ ಉಳಿಸಿದ್ದು ಊಟ. 'ಶತೋ' ಅಂತ ಈ ಕಾಲದ ಸಲಾಡ್. ಕಹಿ ಸೊಪ್ಪಿನ ಮೇಲೆ ಉಪ್ಪುಮೀನು, ಆಲಿವ್. ಅದಕ್ಕೆ ಬಾದಾಮಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ವಿನೆಗರ್ ಅರೆದ ಕೆಂಪು ಗೊಜ್ಜು. ಖಾರವೇ ಇಲ್ಲ, ಆದರೂ ಬಾಯಿಗೆ ಇಟ್ಟಾಗ ಚಟ್ನಿ ನೆನಪಾಯಿತು. ಇನ್ನೊಂದು ಬಟ್ಟಲು ಕೇಳಿ ತಿಂದೆ.

ಮನೆಗೆ ವಾಪಸ್ ಬಂದ ಮೇಲೆ ಸೂಟ್‌ಕೇಸ್ ಖಾಲಿ ಮಾಡುತ್ತಾ ಅಮ್ಮ ಆ ಅಂಗಿ ಬೆಳಕಿಗೆ ಹಿಡಿದರು.

"ಇಸ್ತ್ರಿಯವನು ಸುಟ್ಟನೇನೋ?"

"ಇಲ್ಲಮ್ಮ, ದೆವ್ವ" ಅಂದೆ.

ಅಮ್ಮ ಏನೂ ಮಾತಾಡಲಿಲ್ಲ. ಒಳಗೆ ಹೋಗಿ, ದೃಷ್ಟಿ ತೆಗೆಯಲು ಉಪ್ಪು ಮೆಣಸಿನಕಾಯಿ ತಂದರು.