ಕಾರವಾರದಲ್ಲಿ ರಾಮೆನ್ ಮೇಳ, ಗೆದ್ದದ್ದು ಒಣಮೀನು

ಮೊದಲೇ ಹೇಳಿಬಿಡ್ತೇನೆ, ನನಗೆ ಹಿಡಿಸಿದ್ದು ಒಣಮೀನಿನ ರಾಮೆನ್ (ರಾಮೆನ್ ಅಂದರೆ ಸಾರಲ್ಲಿ ಹಾಕಿ ಕೊಡುವ ಜಪಾನಿನ ನೂಡಲ್ಸ್). ಉದ್ದ ಸಾಲು ಇದ್ದದ್ದು ಮಾತ್ರ ಕೋಳಿಯದಕ್ಕೆ.

ಕಾರವಾರದಲ್ಲಿ, ಬೀಚಿಂದ ಸ್ವಲ್ಪ ಒಳಗೆ, ಒಬ್ಬರ ಮನೆ ಅಂಗಳದಲ್ಲಿ ಶಾಮಿಯಾನ ಹಾಕಿ ಈ ರುಚಿ ನೋಡುವ ಮೇಳ ಇಟ್ಟಿದ್ದರು. ದೊಡ್ಡದೇನಲ್ಲ. ಗೋವಾದ ಹೋಟೆಲುಗಳಲ್ಲಿ ಅಡುಗೆ ಕೆಲಸ ಮಾಡಿ ಬಂದ ಊರಿನ ಹುಡುಗರು ಸೇರಿ ಮಾಡಿದ್ದು. ಕೂಪನ್ ತಗೊಂಡರೆ ನಾಲ್ಕು ಪುಟ್ಟ ಬೌಲ್: ಸೋಯಾ ಸಾಸಿನ ಶೋಯು, ಹುದುಗಿಸಿದ ಸೋಯಾ ಹಿಟ್ಟಿನ ಮಿಸೊ, ಕೋಳಿ ಮೂಳೆಯದು, ಒಣಮೀನಿನದು. ಕಾರವಾರದ ಮಧ್ಯಾಹ್ನದ ಸೆಕೆಯಲ್ಲಿ ಕುದಿಯುವ ಸಾರು ಕೊಡುವ ಧೈರ್ಯ ಮೆಚ್ಚಬೇಕು. ಜೊತೆಗೆ ಬಂದಿದ್ದ ಚಿಕ್ಕಮ್ಮನಿಗೆ ಬೆವರು ಒರೆಸಿಕೊಳ್ಳುವುದೇ ಒಂದು ಕೆಲಸ ಆಗಿತ್ತು.

ಮ್ಯಾಗಿ ತರಹದ್ದೇ ಅಲ್ವಾ ಅನ್ನುವ ಮಾತು ಎಲ್ಲ ಮೇಜಲ್ಲೂ ಕೇಳುತ್ತಿತ್ತು. ಸಂಬಂಧ ಇದೆ ಬಿಡಿ. ಬಿಸಿನೀರು ಹಾಕಿದರೆ ಆಗುವ ಪ್ಯಾಕೆಟ್ ರಾಮೆನ್ನನ್ನು ಜಪಾನಿನ ಮೊಮೊಫುಕು ಆಂದೊ ಮಾರುಕಟ್ಟೆಗೆ ತಂದದ್ದು 1958ರಲ್ಲಿ. ಅಂಗಡಿಯಲ್ಲಿ ಕೂತು ತಿನ್ನುವ ರಾಮೆನ್ ಅದಕ್ಕಿಂತ ಹಳೆಯದು, ಅದರಲ್ಲಿ ಸಾರಿಗೇ ಜಾಸ್ತಿ ಮರ್ಯಾದೆ.

ಕೋಳಿಯದು ಹಾಲಿನ ಹಾಗೆ ಬೆಳ್ಳಗಿತ್ತು. ಅದಕ್ಕೆ ಹಾಲು ಗೀಲು ಏನೂ ಹಾಕಿಲ್ಲ. ಮೂಳೆ, ಕಾಲುಗಳನ್ನು ದೊಡ್ಡ ಉರಿಯಲ್ಲಿ ಗಂಟೆಗಟ್ಟಲೆ ಕೊತಕೊತ ಕುದಿಸಿದರೆ ಕೊಬ್ಬೂ ಮೂಳೆಯ ಅಂಟೂ ನೀರಲ್ಲಿ ಬೆರೆತು ಆ ಬಣ್ಣ ಬರುತ್ತದೆ, ಸಣ್ಣ ಉರಿ ಇಟ್ಟರೆ ತಿಳಿಯಾಗೇ ಉಳಿಯುತ್ತದೆ. ಜಪಾನಿನ ಫುಕುವೋಕಾ ಕಡೆ ಇದನ್ನೇ ಹಂದಿ ಮೂಳೆಯಲ್ಲಿ ಮಾಡಿ ತೊಂಕೊತ್ಸು ಅನ್ನುತ್ತಾರೆ. ಚೆನ್ನಾಗಿತ್ತು, ಆದರೆ ಅರ್ಧ ಬೌಲಿಗೇ ತುಟಿ ಅಂಟತೊಡಗಿತು. ಮಿಸೊ ಬರೀ ಉಪ್ಪು, ಅದರ ಬಗ್ಗೆ ಜಾಸ್ತಿ ಹೇಳೋದಿಲ್ಲ.

ಇನ್ನು ಒಣಮೀನು. ಜಪಾನಿನಲ್ಲಿ ಪುಟ್ಟ ಮೀನುಗಳನ್ನು ಉಪ್ಪುನೀರಲ್ಲಿ ಬೇಯಿಸಿ ಒಣಗಿಸಿ ನಿಬೊಶಿ ಮಾಡುತ್ತಾರೆ. ಉತ್ತರದ ಅಒಮೊರಿ ಕಡೆ ಅದರ ರಾಮೆನ್ನಿಗೆ ದೊಡ್ಡ ಹೆಸರು. ಈ ಹುಡುಗರು ಅದನ್ನು ತರಿಸಿರಲಿಲ್ಲ, ಇಲ್ಲಿಯ ಸಣ್ಣ ತಾರ್ಲೆ ಮೀನನ್ನೇ ಒಣಗಿಸಿ ಹಾಕಿದ್ದರು. ತೆಳು ಕಂದು ಸಾರು, ಮೇಲೆ ಎಣ್ಣೆಯ ಸಣ್ಣ ಸಣ್ಣ ಕಣ್ಣು, ಹೆಚ್ಚಿದ ಈರುಳ್ಳಿ, ಅರ್ಧ ಮೊಟ್ಟೆ. ಬಾಯಿಗೆ ಇಡುವ ಮೊದಲೇ ಮೂಗಿಗೆ ಹೊಡೆಯಿತು ನೋಡಿ, ಮಳೆಗಾಲದಲ್ಲಿ ಕೆಂಡದ ಮೇಲೆ ಒಣಮೀನು ಸುಡುವಾಗಿನ ಅದೇ ಘಾಟು.

ಚಿಕ್ಕಮ್ಮ ಒಂದು ಗುಟುಕು ಕುಡಿದು, ಬಡಿಸುವವನನ್ನು ಹಿಡಿದಳು. "ಉಪ್ಪು ಹೆಂಗೆ ಬಿಡಿಸ್ದೆ ತಮ್ಮಾ?"

"ಉಪ್ಪು ಹಾಕ್ದೇ ಒಣಗಿಸಿದ್ದಮ್ಮಾ. ತಲೆ, ಹೊಟ್ಟೆ ತೆಗೀಬೇಕು, ಇಲ್ದಿದ್ರೆ ಕಹಿ. ರಾತ್ರಿಯಿಡೀ ತಣ್ಣೀರಲ್ಲಿ ನೆನೆಹಾಕಿ ಬೆಳಿಗ್ಗೆ ಸಣ್ಣ ಉರಿ."

ನೂಡಲ್ಸಿನ ಎಳೆಗಳು ಹಳದಿ ಯಾಕೆ ಅಂತಲೂ ಕೇಳಿದಳು. ಮೊಟ್ಟೆ ಹಾಕಿರಬೇಕು ಅಂತ ಅವಳ ಲೆಕ್ಕ. ಜಪಾನಿನವರು ಮೈದಾಗೆ ಕಾನ್ಸುಯಿ ಅನ್ನುವ ಕ್ಷಾರದ ನೀರು ಹಾಕುತ್ತಾರೆ, ಎಳೆಗೆ ಹಳದಿ ಬಣ್ಣವೂ ಆ ಪುಟಿಯುವ ಗುಣವೂ ಬರುವುದು ಅದರಿಂದಲೇ. ಇವರು ಅಡುಗೆ ಸೋಡಾವನ್ನು ಓವನ್ನಲ್ಲಿ ಚೆನ್ನಾಗಿ ಕಾಯಿಸಿ ಆ ಕೆಲಸ ಮಾಡಿಸಿದ್ದರು. "ಅಷ್ಟೇನಾ? ಹಪ್ಪಳಕ್ಕೆ ಹಾಕೋ ಕ್ಷಾರ ಸಾಕಿತ್ತಲ್ಲ" ಅಂದಳು ಚಿಕ್ಕಮ್ಮ. ಹುಡುಗ ಬರೆದುಕೊಂಡ. ನಿಜವಾಗಿ ಫೋನ್ ತೆಗೆದು ಬರೆದುಕೊಂಡ!

ಒಂದು ತಕರಾರು ಮಾತ್ರ ಇದೆ. ರಾಮೆನ್ ಬಡಿಸಿದ ಕೂಡಲೇ ಸೊರ್ ಅಂತ ಎಳೆದು ತಿನ್ನುವ ತಿಂಡಿ, ಇಲ್ಲಿ ನಾಲ್ಕೂ ಬೌಲ್ ಒಟ್ಟಿಗೆ ತಟ್ಟೆಯಲ್ಲಿಟ್ಟು ಕೊಟ್ಟರೆ ಕೊನೆಯದನ್ನು ಮುಟ್ಟುವಾಗ ಎಳೆಗಳು ಸಾರು ಕುಡಿದು ಊದಿಕೊಂಡು ಹಿಟ್ಟಾಗಿರುತ್ತವೆ. ಜಪಾನಿನ ಶಿನ್-ಯೊಕೊಹಾಮಾದಲ್ಲಿ 1994ರಿಂದ ಒಂದು ರಾಮೆನ್ ಮ್ಯೂಸಿಯಂ ಇದೆ, ಹಲವು ಊರುಗಳ ರಾಮೆನ್ ಅಂಗಡಿಗಳು ಒಂದೇ ಸೂರಿನ ಕೆಳಗೆ. ಅಲ್ಲೂ ರುಚಿ ನೋಡುವವರಿಗೆ ಪುಟ್ಟ ಬೌಲ್ ಸಿಗುತ್ತದೆ, ಆದರೆ ಒಂದೊಂದು ಅಂಗಡಿಗೂ ಬೇರೆ ಬೇರೆಯಾಗಿ ಹೋಗಿ ತಿನ್ನಬೇಕು. ಇಲ್ಲೂ ಕೂಪನ್ನನ್ನು ನಾಲ್ಕು ತುಂಡು ಮಾಡಿ ಕೊಟ್ಟಿದ್ದರೆ ಮುಗೀತಿತ್ತು.

ಶಿರಸಿಯಿಂದ ಬಂದಿದ್ದ ಗೆಳತಿಗೆ ಬೇರೆಯೇ ಕಷ್ಟ. ಅವಳು ಸಸ್ಯಾಹಾರಿ. ಕೇಳಿದ್ದಕ್ಕೆ ಕೊಂಬು ಅನ್ನುವ ಕಡಲಪಾಚಿ, ಒಣ ಶಿಟಾಕೆ ಅಣಬೆ ಹಾಕಿ ಮಾಡಿದ ಸಾರು ಕೊಟ್ಟರು, ಅದು ಬೋರ್ಡಿನಲ್ಲಿ ಇರಲೇ ಇಲ್ಲ. ಅವಳು ಎಳೆ ಬದಿಗಿಟ್ಟು ಅಪ್ಪೆಹುಳಿ ಕುಡಿಯುವ ಹಾಗೆ ಬೌಲ್ ಎತ್ತಿ ಪೂರ್ತಿ ಕುಡಿದು, ಇನ್ನೊಂದು ಕೇಳಿದಳು. ಇಷ್ಟು ಒಳ್ಳೆಯದನ್ನು ಬಚ್ಚಿಟ್ಟು ಆ ಮಿಸೊ ಮುಂದಿಟ್ಟದ್ದು ಯಾಕೋ.

ಹೊರಡುವಾಗ ಚಿಕ್ಕಮ್ಮ, ಉಳಿದ ಸಾರಿಗೆ ಒಂದು ಮುಷ್ಟಿ ಅನ್ನ ಇದ್ದಿದ್ದರೆ ಅಂದಳು. ಜಪಾನಿನಲ್ಲೂ ಹಾಗೆ ಹಾಕಿಕೊಂಡು ತಿನ್ನುವವರು ಬೇಕಾದಷ್ಟು ಜನ ಇದ್ದಾರೆ ಅಂತ ಹುಡುಗ ನಕ್ಕ. ಮುಂದಿನ ಸಲ ಕುಚಲಕ್ಕಿ ಅನ್ನ ಇಡ್ತಾರಂತೆ. ಮಿಸೊ ಬಿಟ್ಟು, ಒಣ ಶೆಟ್ಲಿ (ಸೀಗಡಿ) ಹುರಿದ ಎಣ್ಣೆ ಹಾಕಿ ಇನ್ನೊಂದು ಮಾಡಿ ಅಂತ ನಾನೂ ಹೇಳಿ ಬಂದೆ.