ನೀರಿಗೆ ಎರಡೂವರೆ ಬ್ರಿಕ್ಸ್

ಮಂಡ್ಯ ಜಿಲ್ಲೆಯ ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದಲ್ಲಿ ನಾನು ಹನ್ನೊಂದು ಹಂಗಾಮು ಕಳೆದಿದ್ದೇನೆ. ಹೋದ ಹಂಗಾಮಿನಲ್ಲಿ ಮದ್ದೂರು ಕಡೆಯ ನಾಲೆ ಬಯಲಿನಲ್ಲಿ ನಡೆದದ್ದು ಇಂದಿಗೂ ಚುಚ್ಚುತ್ತದೆ.

ಕಡಿದ ಬುಡದಿಂದ ಮತ್ತೆ ಚಿಗುರಿದ ಕೋ 62175 ತಳಿಯ ಕೂಳೆ ಕಬ್ಬಿಗೆ ರಿಫ್ರಾಕ್ಟೋಮೀಟರ್, ಅಂದರೆ ರಸದ ಸಕ್ಕರೆಯಂಶವನ್ನು ಬ್ರಿಕ್ಸ್ ಎಂಬ ಅಳತೆಯಲ್ಲಿ ತೋರಿಸುವ ಮೀಟರು, 19 ತೋರಿಸಿತು. ನಮ್ಮಲ್ಲಿ 18 ಮುಟ್ಟಿದರೆ ಕಟಾವಿಗೆ ಪರ್ಮಿಟ್. ಆದರೆ ಹೊಲದ ಯಜಮಾನರು ಒಂದು ಗಿಣ್ಣು ಜಗಿದು ಉಗುಳಿ, "ಇನ್ನೂ ಸಪ್ಪೆ ಸಾ, ಹದಿನೈದ್ ದಿನ ಬುಡಿ" ಎಂದರು. ರೈತರಿಗೆ ಹಣ ಸಿಗುವುದು ತೂಕಕ್ಕೇ ಹೊರತು ಅವರವರ ಹೊಲದ ಬ್ರಿಕ್ಸ್‌ಗಲ್ಲ. ಹೀಗಿರುವಾಗ ಕಬ್ಬು ಹಣ್ಣಾಗಿಲ್ಲವೆಂದು ಕಟಾವು ತಡೆಯುವವರು ಆಲೆಮನೆಯವರೊಡನೆ ಮಾತು ಮುಗಿಸಿರುತ್ತಾರೆ ಎಂಬುದು ನನ್ನ ಗಟ್ಟಿ ನಂಬಿಕೆ. ನಮ್ಮ ಹಳೆಯ ಮೀಟರು 20 ಡಿಗ್ರಿ ಸೆಲ್ಸಿಯಸ್‌ಗೆ ಹೊಂದಿಸಿದ್ದು, ಬಿಸಿಲೇರಿದಂತೆ ಕಡಿಮೆಯೇ ತೋರಿಸುತ್ತದೆ, ಆದ್ದರಿಂದ ನಿಜವಾದ ಬ್ರಿಕ್ಸ್ ಇನ್ನೂ ಹೆಚ್ಚೇ ಇರಬೇಕು ಎಂದು, ಗೊತ್ತಿದ್ದ ವಿಜ್ಞಾನವನ್ನೂ ನನ್ನ ಪಕ್ಷಕ್ಕೆ ಎಳೆದುಕೊಂಡೆ.

"ಮೀಟರ್ ಸುಳ್ಳು ಹೇಳುತ್ತಾ ಗೌಡ್ರೇ?" ಎಂದೆ.

"ಬರೀ ತಕ್ಕಡಿ ನೋಡ್ದೇ ಯಾರಾದ್ರೂ ತೂಗ್ತಾರಾ ಸಾ? ಅದ್ಕೆ ಒಸಿ ನೀರ್ ಬುಡಿ."

ಅವರ ಬಾಯಿ ಮುಚ್ಚಿಸಲೆಂದೇ ಪ್ರಿಸಂ ಒರೆಸಿ, ಬಾಟಲಿಯಿಂದ ಎರಡು ಹನಿ ಬಿಟ್ಟು, ಮುಚ್ಚಳ ಒತ್ತಿ ಬೆಳಕಿಗೆ ಹಿಡಿದೆ. ಸೊನ್ನೆಯಲ್ಲಿ ನಿಲ್ಲಬೇಕಾಗಿದ್ದ ನೀಲಿ ಬಿಳಿಯ ಗಡಿರೇಖೆ ಎರಡೂವರೆಯಲ್ಲಿತ್ತು. ಅಂಗಿಯ ತುದಿಯಿಂದ ಮತ್ತೆ ಒರೆಸಿ ನೋಡಿದರೂ ಎರಡೂವರೆಯೇ. ಫೀಲ್ಡ್‌ಮ್ಯಾನ್ ನಾಲೆಯ ಕಡೆಗೆ ಮುಖ ತಿರುಗಿಸಿಕೊಂಡ. ಬಿಸಿಲಿನ ಲೆಕ್ಕ ಸೇರಿಸಿದರೂ ಗೌಡರ ಕಬ್ಬು 18 ಮುಟ್ಟುತ್ತಿರಲಿಲ್ಲ.

ಮೀಟರ್ ಕೆಟ್ಟದ್ದು ದೊಡ್ಡ ಮಾತಲ್ಲ. ಅದೇ ಬೆಳಿಗ್ಗೆ, ಹಣ್ಣಾಗಿದೆಯೆಂದು ನಾನು ಮೊದಲೇ ತೀರ್ಮಾನಿಸಿದ್ದ ಇನ್ನೊಂದು ತಾಕಿನಲ್ಲಿ 17 ಬಂದಾಗ, ಏನೋ ತಪ್ಪಾಗಿರಬೇಕೆಂದು ಬೇರೆ ಮೂರು ಜಲ್ಲೆ ಹಿಂಡಿಸಿ, 18 ಬಂದ ಮೇಲಷ್ಟೇ ಬರೆದುಕೊಂಡಿದ್ದೆ. ಒಪ್ಪದ ಅಂಕಿಗೆ ಮೂರು ಪರೀಕ್ಷೆ, ಒಪ್ಪಿದ ಅಂಕಿಗೆ ಒಂದೂ ಇಲ್ಲ. ಆ ವಾರ ಬರೆದ 14 ಪರ್ಮಿಟ್‌ಗಳಲ್ಲಿ ಹಸಿ ಕಬ್ಬೆಷ್ಟು ಹೋಯಿತೋ. ಮೇಲಧಿಕಾರಿಗೆ ಹೇಳಿದರೆ, "ಸ್ಕ್ರೂ ತಿರುಗಿಸಿ ಸೊನ್ನೆಗೆ ತಂದುಕೊಳ್ಳಿ, ರಿಜಿಸ್ಟರ್ ಮುಟ್ಟಬೇಡಿ" ಎಂಬ ಉತ್ತರ ಬಂತು. ಸೊನ್ನೆ ನೋಡಲು ಬೇಕಾದ ಡಿಸ್ಟಿಲ್ಡ್ ವಾಟರ್‌ಗೆ ಹಾಕಿದ ಇಂಡೆಂಟ್ ಇನ್ನೂ ಮೇಜಿನ ಮೇಲಿದೆ. ನಾನು ಬ್ಯಾಟರಿ ಅಂಗಡಿಯಿಂದ ಕೊಂಡು ಬೈಕಿನಲ್ಲಿಟ್ಟುಕೊಂಡಿದ್ದೇನೆ.

ಅಂದ ಹಾಗೆ, ಹದಿನೈದು ದಿನ ಬಿಟ್ಟು ಹೋದಾಗ ಗೌಡರ ಅರ್ಧ ಕಬ್ಬು ಆಲೆಮನೆ ಸೇರಿಯಾಗಿತ್ತು. ನನ್ನ ಗುಮಾನಿ ನಿಜವಾಗಿತ್ತು, ಆದರೆ ಅದಕ್ಕೆ ಸಾಕ್ಷಿಯೆಂದು ಹಿಡಿದಿದ್ದ 19 ಸುಳ್ಳಾಗಿತ್ತು. ಉಳಿದರ್ಧಕ್ಕೆ, ಮೊದಲು ನೀರು ಬಿಟ್ಟು ನೋಡಿ, ಪರ್ಮಿಟ್ ಬರೆದೆ.