ಸಿಮ್ಯುಲೇಟರ್ 5,200 ಅಂದಿತ್ತು, ಬೋರ್ಡ್ ಒಪ್ಪಲಿಲ್ಲ

ಮೋಟಾರ್ ಕಂಟ್ರೋಲ್ ಲೂಪ್ (ಮೋಟಾರನ್ನು ಹಿಡಿತದಲ್ಲಿಡಲು ಮತ್ತೆ ಮತ್ತೆ ಓಡುವ ಕೋಡ್) ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಚಿಪ್ ಎಸ್‌ಟಿಎಂ32ಎಫ್407, ಕ್ಲಾಕ್ 168 ಮೆಗಾಹರ್ಟ್ಸ್. ಲೂಪ್ ಸೆಕೆಂಡಿಗೆ 20,000 ಸಲ ಓಡಬೇಕು. ಅಂದರೆ ಒಂದು ಸುತ್ತಿಗೆ 50 ಮೈಕ್ರೋಸೆಕೆಂಡ್, 8,400 ಸೈಕಲ್ (ಕ್ಲಾಕ್‌ನ ಒಂದು ಬಡಿತ ಒಂದು ಸೈಕಲ್). ಎಲ್ಲ ಲೆಕ್ಕವೂ ಅಷ್ಟರಲ್ಲೇ ಮುಗಿಯಬೇಕು.

ಬೋರ್ಡ್ ಇನ್ನೂ ಕೈಗೆ ಬಂದಿರಲಿಲ್ಲ. ಚಿಪ್ಪನ್ನು ಕಂಪ್ಯೂಟರ್‌ನಲ್ಲೇ ಅನುಕರಿಸುವ ಕ್ಯೂಇಎಂಯು ಎಂಬ ಸಿಮ್ಯುಲೇಟರ್ ಮೇಲೆ ಓಡಿಸಿ ಎಣಿಸಿದೆ. 5,200 ಬಂತು. ಟಿಪ್ಪಣಿಯಲ್ಲಿ ‘5,200 ಸೈಕಲ್’ ಅಂತ ಬರೆದು ಮುಂದೆ ಹೋದೆ. ಅದಕ್ಕೂ ಮುಂಚೆ ಎಟಿಮೆಗಾ328ಪಿ ಎಂಬ ಇನ್ನೂ ಸರಳ ಚಿಪ್ ಮೇಲೆ ಕೆಲಸ ಮಾಡಿದ್ದೆ. ಅದರಲ್ಲಿ ಕ್ಯಾಶ್ (ಈಚೆಗೆ ಓದಿದ್ದನ್ನು ಹತ್ತಿರ ಇಟ್ಟುಕೊಳ್ಳುವ ಪುಟ್ಟ ವೇಗದ ಮೆಮೊರಿ) ಇಲ್ಲ, ಹೆಚ್ಚಿನ ಇನ್‌ಸ್ಟ್ರಕ್ಷನ್‌ಗಳಿಗೆ (ಚಿಪ್ ಪಾಲಿಸುವ ಒಂದೊಂದು ಆಜ್ಞೆಗೆ) ಒಂದೋ ಎರಡೋ ಸೈಕಲ್. ಅದರ ಸಿಮ್ಯುಲೇಟರ್ ಸಿಮ್‌ಎವಿಆರ್ ಹೇಳಿದ್ದಕ್ಕೂ ಚಿಪ್ ತೋರಿಸಿದ್ದಕ್ಕೂ ಅಷ್ಟೇನೂ ವ್ಯತ್ಯಾಸ ಕಂಡಿರಲಿಲ್ಲ. ಆ ನಂಬಿಕೆಯನ್ನೇ ಇಲ್ಲಿಗೂ ತಂದೆ. ಆದರೆ ಕ್ಯೂಇಎಂಯು ಎಣಿಸಿದ್ದು ಇನ್‌ಸ್ಟ್ರಕ್ಷನ್‌ಗಳನ್ನು. ಒಂದೊಂದಕ್ಕೆ ಎಷ್ಟು ಸೈಕಲ್ ಹಿಡಿಯುತ್ತದೆ ಎನ್ನುವುದು ಅದಕ್ಕೆ ಗೊತ್ತೇ ಇಲ್ಲ.

ಬೋರ್ಡ್ ಬಂತು. ಮೋಟಾರ್ ಚೆನ್ನಾಗಿಯೇ ತಿರುಗುತ್ತಿತ್ತು, ಆದರೆ ಆಗಾಗ ಸಣ್ಣಗೆ ಜಗ್ಗುತ್ತಿತ್ತು. ಎರಡು ದಿನ ಲೆಕ್ಕದ ಸೂತ್ರದಲ್ಲೇ ತಪ್ಪು ಹುಡುಕಿದೆ. ಹಾರ್ಡ್‌ವೇರ್ ನೋಡಿಕೊಳ್ಳುವ ಹಿರಿಯರೊಬ್ಬರು ಬಂದು, “ಸೂತ್ರ ಆಮೇಲೆ ನೋಡೋಣ. ಲೂಪ್ ಶುರುವಿಗೆ ಒಂದು ಪಿನ್ ಹೈ ಮಾಡಿ, ಕೊನೆಗೆ ಲೋ ಮಾಡಿ. ಸ್ಕೋಪ್ ಹಾಕಿ ನೋಡ್ತೀನಿ” ಅಂದರು. ಸ್ಕೋಪ್‌ನಲ್ಲಿ (ವೋಲ್ಟೇಜ್‌ನ ಏರಿಳಿತ ತೋರಿಸುವ ಉಪಕರಣ) ಪಲ್ಸ್, ಅಂದರೆ ಪಿನ್ ಹೈ ಇದ್ದ ಹೊತ್ತು, ಹೆಚ್ಚಿನ ಸಲ 41 ಮೈಕ್ರೋಸೆಕೆಂಡ್ ಇತ್ತು. ನಡುನಡುವೆ ಮಾತ್ರ 53, ಅಂದರೆ 50ರ ಮಿತಿ ಮೀರಿ.

ಕಾರಣ ಫ್ಲಾಶ್, ಅಂದರೆ ಕೋಡ್ ಕೂತಿರುವ ಮೆಮೊರಿ. 168 ಮೆಗಾಹರ್ಟ್ಸ್‌ನಲ್ಲಿ, 3.3 ವೋಲ್ಟ್‌ಗೆ, ಈ ಚಿಪ್‌ನ ಫ್ಲಾಶ್‌ಗೆ 5 ವೇಟ್ ಸ್ಟೇಟ್, ಅಂದರೆ ಪ್ರತಿ ಓದಿಗೆ 5 ಸೈಕಲ್ ಹೆಚ್ಚುವರಿ ಕಾಯುವಿಕೆ, ಕೊಡಬೇಕು. ಆ ಕಾಯುವಿಕೆ ಕಾಣದಿರಲಿ ಅಂತ ಒಂದು ಪುಟ್ಟ ಕ್ಯಾಶ್ ಇದೆ: ಇನ್‌ಸ್ಟ್ರಕ್ಷನ್‌ಗೆ 16 ಬೈಟ್‌ನ 64 ಸಾಲು, ಒಟ್ಟು 1 ಕಿಲೋಬೈಟ್. ಡೇಟಾಗೆ ಬರೀ 8 ಸಾಲು. ನನ್ನ ಸೈನ್ ಟೇಬಲ್ (ಮೊದಲೇ ಲೆಕ್ಕ ಹಾಕಿಟ್ಟ ಸೈನ್ ಬೆಲೆಗಳ ಪಟ್ಟಿ) ಫ್ಲಾಶ್‌ನಲ್ಲೇ ಕೂತಿತ್ತು. ಲೂಪ್ ಮಧ್ಯೆ ಯುಎಆರ್‌ಟಿ ಇಂಟರಪ್ಟ್ (ಸೀರಿಯಲ್ ಪೋರ್ಟ್ ಕೆಲಸಕ್ಕಾಗಿ ನಡೆಯುತ್ತಿರುವ ಕೋಡನ್ನು ತಡೆಯುವ ಕರೆ) ಬಂದರೆ ಅದರ ಸಮಯವೂ ಸೇರುತ್ತಿತ್ತು, ಕ್ಯಾಶ್‌ನಲ್ಲಿದ್ದ ನನ್ನ ಸಾಲುಗಳೂ ಹೊರಗೆ ಹೋಗುತ್ತಿದ್ದವು. ಭಾಗಾಕಾರದ ಇನ್‌ಸ್ಟ್ರಕ್ಷನ್ ಸಂಖ್ಯೆಗಳನ್ನು ನೋಡಿಕೊಂಡು 2ರಿಂದ 12 ಸೈಕಲ್ ತಗೊಳ್ಳುತ್ತದೆ. ಸಿಮ್ಯುಲೇಟರ್ ಅದನ್ನೂ ಒಂದು ಅಂತಲೇ ಎಣಿಸಿತ್ತು.

ಟೇಬಲ್ ಅನ್ನು ಕಾಯದೆ ಓದಬಹುದಾದ ಸಿಸಿಎಂ ರ‍್ಯಾಮ್‌ಗೆ ಹಾಕಿದೆ, ಲೂಪ್ ಓಡಿಸುವ ಕಂಟ್ರೋಲ್ ಇಂಟರಪ್ಟ್‌ನ ಆದ್ಯತೆಯನ್ನು ಯುಎಆರ್‌ಟಿಗಿಂತ ಮೇಲೆ ತಂದೆ. ಜಗ್ಗುವುದು ನಿಂತಿತು.

ಇನ್ನು ಪ್ರತಿ ಸುತ್ತನ್ನೂ ಅಳೆಯಬೇಕಿತ್ತು. ಈ ಚಿಪ್‌ನ ಪ್ರೊಸೆಸರ್ ಕಾರ್ಟೆಕ್ಸ್-ಎಂ4 ಒಳಗೆ ಡಿಡಬ್ಲ್ಯುಟಿ ಎಂಬ ಭಾಗದಲ್ಲಿ 32 ಬಿಟ್‌ನ ಸೈಕಲ್ ಕೌಂಟರ್ ಇದೆ. 168 ಮೆಗಾಹರ್ಟ್ಸ್‌ನಲ್ಲಿ ಅದು ಸುಮಾರು 25.6 ಸೆಕೆಂಡಿಗೆ ಸುತ್ತಿ ಮತ್ತೆ ಸೊನ್ನೆಗೆ ಬರುತ್ತದೆ. ಕೊನೆಯ ಎಣಿಕೆಯಿಂದ ಮೊದಲಿನದನ್ನು ಅನ್‌ಸೈನ್ಡ್ (ಋಣ ಚಿಹ್ನೆ ಇಲ್ಲದ) ಸಂಖ್ಯೆಯಾಗಿ ಕಳೆದರೆ ಅದರಿಂದ ತೊಂದರೆ ಇಲ್ಲ. ಕಂಪೈಲರ್ ಕಡೆ ಮಾತ್ರ ಹುಷಾರು. ಕೌಂಟರ್ ಓದುವ ಎರಡು ಸಾಲುಗಳ ನಡುವಿನ ಲೆಕ್ಕವನ್ನು ಅದು ಆಪ್ಟಿಮೈಸ್ ಮಾಡುವಾಗ ಆಚೆ ಎಳೆದು ಹಾಕಬಹುದು. ನನಗೆ ಒಮ್ಮೆ ಇಡೀ ಫಿಲ್ಟರ್‌ಗೆ 9 ಸೈಕಲ್ ಅಂತ ಬಂತು. ಡಿಸ್‌ಅಸೆಂಬ್ಲಿ (ಕಂಪೈಲರ್ ಕೊಟ್ಟ ಇನ್‌ಸ್ಟ್ರಕ್ಷನ್‌ಗಳ ಪಟ್ಟಿ) ತೆರೆದು ನೋಡಿದಾಗಲೇ ಗೊತ್ತಾಯಿತು.

ಇದಕ್ಕಿಂತ ಜಾಸ್ತಿ ಕಾಡಿದ್ದು ಇನ್ನೊಂದು. ನನ್ನ ಮೇಜಿನ ಮೇಲೆ ಕೌಂಟರ್ ಸರಿಯಾಗಿ ಓಡುತ್ತಿತ್ತು. ಟೆಸ್ಟ್ ತಂಡದ ಬೋರ್ಡ್‌ನಲ್ಲಿ ಪ್ರತಿ ಸಲವೂ ಸೊನ್ನೆ! ಕೋಡ್ ಅದೇ, ಚಿಪ್ ಅದೇ. ಕೌಂಟರ್ ಓಡಲು ಡಿಇಎಂಸಿಆರ್ ರಿಜಿಸ್ಟರ್‌ನ 24ನೇ ಬಿಟ್, ಅಂದರೆ ಟ್ರೇಸ್ ಎನೇಬಲ್ ಬಿಟ್, ಮೊದಲು ಹಾಕಿರಬೇಕು. ನಾನು ಅದನ್ನು ಹಾಕಿರಲಿಲ್ಲ. ನನ್ನ ಕಡೆ ಡೀಬಗರ್ (ಚಿಪ್ ಒಳಗೆ ನಡೆಯುವುದನ್ನು ನೋಡಲು ತಗಲಿಸುವ ಉಪಕರಣ) ತಾನೇ ಹಾಕಿಕೊಡುತ್ತಿತ್ತು. ಅವರ ಬೋರ್ಡ್‌ಗೆ ಡೀಬಗರ್ ತಗಲಿಸಿರಲೇ ಇಲ್ಲ. ಒಂದು ಸಾಲಿನ ಕೋಡ್‌ಗಾಗಿ ಅವರ ಒಂದು ವಾರದ ಲಾಗ್ ವ್ಯರ್ಥವಾಯಿತು. ಆ ಬೇಸರ ನನಗೆ ಈಗಲೂ ಇದೆ.

ಆಮೇಲೆ ಅದೇ ಟಿಪ್ಪಣಿಯನ್ನು ತೆರೆದು 5,200 ಹೊಡೆದುಹಾಕಿದೆ. ಅದರ ಜಾಗದಲ್ಲಿ ಹೀಗೆ ಬರೆದೆ: “ಅತಿ ಹೆಚ್ಚು 7,600 ಸೈಕಲ್. ಬೋರ್ಡ್ ಮೇಲೆ, ಡೀಬಗರ್ ತೆಗೆದು, 168 ಮೆಗಾಹರ್ಟ್ಸ್, 5 ವೇಟ್ ಸ್ಟೇಟ್, ಯುಎಆರ್‌ಟಿ ಪೂರ್ತಿ ಓಡುತ್ತಿರುವಾಗ.”